ಅಕ್ಕ ಕಟ್ಟಿದ ಇಂಜಿನ್

ತಮ್ಮ ಆ ಕಾರನ್ನು ಕೊಂಡದ್ದು ಗಲ್ಫಿನಿಂದ ಮರಳಿದ್ದ ಒಬ್ಬರ ಮನೆಯಿಂದ. ಎರಡೇ ಸೀಟಿನ, ತಲೆಯ ಮೇಲೆ ಬಟ್ಟೆಯ ಮುಚ್ಚಿಗೆಯಿದ್ದ ಜಪಾನಿ ಸ್ಪೋರ್ಟ್ಸ್ ಕಾರು. ಅವರು ಊರಿಗೆ ಬರುವಾಗ ಹಡಗಿನಲ್ಲಿ ತರಿಸಿಕೊಂಡು, ಸ್ವಲ್ಪ ಕಾಲ ಓಡಿಸಿ, ಸೊಂಟನೋವು ಶುರುವಾದ ಮೇಲೆ ಮನೆಯ ಪೋರ್ಚಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತಿದ್ದವಂತೆ. ತಮ್ಮ ಅದನ್ನು ಲಾರಿಗೆ ಹೇರಿಸಿ ಕೊಚ್ಚಿಯ ಹತ್ತಿರದ ಆಲುವದ ಒಂದು ಶೆಡ್ಡಿಗೆ ತಂದು ಇಳಿಸಿದ ಮೇಲೆ ನನಗೆ ಫೋನ್ ಮಾಡಿದ.

"ಅಕ್ಕಾ, ಇಂಜಿನ್ ಆಯಿಲ್ ಕುಡೀತಾ ಇದೆ. ಹೊಗೆ ನೋಡಿದ್ರೆ ಸೊಳ್ಳೆ ಓಡ್ಸೋ ಗಾಡಿ ಥರ ಬರ್ತದೆ. ನೀನು ಬರ್ತೀಯಲ್ಲ?"

ಬರುವುದಿಲ್ಲ ಎಂದು ನಾನು ಹೇಳಬಹುದು ಎಂಬುದು ಅವನಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ.

ನಾನು ತಿರುವನಂತಪುರದಲ್ಲಿ, ಅಪ್ಪ ದುಡಿದ ಸಂಸ್ಥೆಯಲ್ಲೇ ಕೆಲಸ ಮಾಡುತ್ತೇನೆ. ರಾಕೆಟ್ ಇಂಜಿನ್ನಿಗೆ ಇಂಧನ ಊಡುವ, ತುಂಬಾ ವೇಗವಾಗಿ ತಿರುಗುವ ಪಂಪುಗಳನ್ನು ಜೋಡಿಸಿ, ಓಡಿಸಿ, ಎಲ್ಲಿ ನಡುಗುತ್ತದೆ, ಎಲ್ಲಿ ಬಿಸಿಯಾಗುತ್ತದೆ ಎಂದು ನೋಡುವ ವಿಭಾಗ ನನ್ನದು. ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದಾಗ ನಾನು ಚಿಕ್ಕವಳು. ತಮ್ಮ ಹುಟ್ಟಿದ್ದೇ ಇಲ್ಲಿ. ಹಾಗಾಗಿ ಮನೆಯಲ್ಲಿ ಅಮ್ಮನದು ಮೈಸೂರಿನ ಕನ್ನಡ, ತಮ್ಮನದು ಮಲಯಾಳದ ರಾಗದಲ್ಲಿ ಹಾಡಿದಂಥ ಕನ್ನಡ. ಅಪ್ಪ ತೀರಿಕೊಂಡಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಅವನನ್ನು ಟ್ಯೂಷನ್ನಿಗೆ ಬಿಟ್ಟವಳು, ಸೈಕಲ್ ಕಲಿಸಿದವಳು, ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಲು ಕೊಚ್ಚಿಗೆ ಹೋದವಳು ನಾನು. ಅವನು ಅಲ್ಲೇ ಓದಿ ಅಲ್ಲೇ ಎಡಪ್ಪಳ್ಳಿಯ ಒಂದು ಆಫೀಸಿನಲ್ಲಿ ಕೆಲಸ ಹಿಡಿದು ಕಲೂರಿನಲ್ಲಿ ಮನೆ ಮಾಡಿದ. ನಾನು ಮದುವೆಯಾಗಲಿಲ್ಲ. ಅಮ್ಮ ನನ್ನ ಜೊತೆ ಇದ್ದಾಳೆ. ಅವಳ ಮನಸ್ಸು ಮಾತ್ರ ಯಾವಾಗಲೂ ಕಲೂರಿನಲ್ಲೇ.

ಒಪ್ಪಂದ ಆದದ್ದು ಶೆಡ್ಡಿನಲ್ಲಿ, ಕಾರಿನ ಬಾನೆಟ್ ಎತ್ತಿ ನಿಂತಾಗ. ಇಂಜಿನನ್ನು ಪೂರ್ತಿ ಬಿಚ್ಚಿ, ರೇಸಿನ ಟ್ರ್ಯಾಕಿನಲ್ಲಿ ಓಡುವ ಹಾಗೆ ಹೊಸದಾಗಿ ಕಟ್ಟಬೇಕು. ಕಟ್ಟುವುದು ನಾನು, ಓಡಿಸುವುದು ಅವನು.

"ನಾನೂ ಓಡಿಸ್ತೀನಿ," ಎಂದೆ.

"ಪಿನ್ನೆ! ಮತ್ತೆ, ನೀನು ಕಟ್ಟಿದ್ದು ನೀನು ಓಡಿಸ್ದೆ ಇನ್ಯಾರು ಓಡಿಸ್ತಾರೆ? ಬೆಳಗ್ಗೆ ನಾನು, ಮಧ್ಯಾಹ್ನ ನೀನು."

ಆ ದಿನದಿಂದ ನನ್ನ ಶನಿವಾರಗಳು ಆಲುವಕ್ಕೆ ಹೋದವು. ಬೆಳಗಿನ ರೈಲು ಹಿಡಿದು ಹೊರಟರೆ ಊಟದ ಹೊತ್ತಿಗೆ ಮುಂಚೆ ಶೆಡ್ಡಿನಲ್ಲಿರುತ್ತಿದ್ದೆ. ಸಂಜೆ ಮೆಟ್ರೋ ಹತ್ತಿ ಕಲೂರಿನಲ್ಲಿ ತಮ್ಮನ ಮನೆಗೆ. ಭಾನುವಾರ ಮತ್ತೆ ಶೆಡ್ಡು, ಸಂಜೆಯ ರೈಲು. ಶೆಡ್ಡಿನ ಮಾಲೀಕರು ಐವತ್ತು ದಾಟಿದವರು. ದುಬೈಯ ಗ್ಯಾರೇಜುಗಳಲ್ಲಿ ದುಡಿದು ಬಂದು ಸ್ವಂತ ಲೇತು, ಬೋರಿಂಗ್ ಮಷೀನು ಹಾಕಿಕೊಂಡಿದ್ದರು. ನಮಗೆ ಒಂದು ಮೂಲೆಯನ್ನೂ ಒಂದು ಮೇಜನ್ನೂ ಬಿಟ್ಟುಕೊಟ್ಟರು. ನಾನು ಅವರನ್ನು ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆ, ಅವರು ನನ್ನನ್ನು ಚೇಚ್ಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ವಯಸ್ಸಿನಲ್ಲಿ ನಾನು ಅವರಿಗಿಂತ ಚಿಕ್ಕವಳು. ಆದರೂ ಕೇರಳದಲ್ಲಿ ಅದು ಹಾಗೇ.

ಇಂಜಿನ್ ಬಿಚ್ಚಿದಾಗ ಒಳಗೆ ಕಂಡದ್ದು ಯಾವ ಆಶ್ಚರ್ಯವೂ ಅಲ್ಲ. ಸಿಲಿಂಡರುಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಮೈಮೇಲೆ ಉಗುರಿಗೆ ಸಿಗುವಷ್ಟು ಗೀರು. ಪಿಸ್ಟನ್ನಿನ ರಿಂಗುಗಳು ಮಸಿಗೆ ಅಂಟಿಕೊಂಡು ಕೂತಿದ್ದವು. ಸಿಲಿಂಡರುಗಳನ್ನು ಕೊರೆಸಿ ದೊಡ್ಡದು ಮಾಡಿಸಿದೆವು. ಹೊರಗಿನಿಂದ ಗಟ್ಟಿಯಾದ ಪಿಸ್ಟನ್ನು ತರಿಸಿದೆವು. ವಾಲ್ವುಗಳನ್ನು ಹೆಚ್ಚು ಎತ್ತಿ ಹೆಚ್ಚು ಗಾಳಿ ಎಳೆಯುವಂಥ ಕ್ಯಾಮು, ಅದಕ್ಕೆ ತಕ್ಕ ಬಿರುಸಿನ ಸ್ಪ್ರಿಂಗು. ಕ್ಯಾಮು ಬದಲಾದರೆ ವಾಲ್ವು ಪಿಸ್ಟನ್ನಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದೂ ಬದಲಾಗುತ್ತದೆ. ನಾನು ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಮೇಣದ ಮಣ್ಣನ್ನು ಮೆತ್ತಿ, ಸಿಲಿಂಡರುಗಳ ಮುಚ್ಚಳವಾದ ಹೆಡ್ ಕೂರಿಸಿ, ಕೈಯಿಂದ ಕ್ರ್ಯಾಂಕ್ ತಿರುಗಿಸಿ, ಮತ್ತೆ ಬಿಚ್ಚಿ, ಆ ಮಣ್ಣು ಎಷ್ಟು ದಪ್ಪ ಉಳಿದಿದೆ ಎಂದು ಕೊಯ್ದು ಅಳೆಯುತ್ತಿದ್ದೆ. ಒಂದು ವಾಲ್ವಿನ ಹತ್ತಿರ ನನಗೆ ಸಮಾಧಾನವಾಗದೆ ಅದಕ್ಕೆ ಜಾಗ ಬಿಡುವ ಪಿಸ್ಟನ್ನಿನ ಗುಳಿಯನ್ನು ಸ್ವಲ್ಪ ಆಳ ಮಾಡಿಸಿದೆ.

"ಅಕ್ಕ, ಇದು ರಾಕೆಟ್ ಅಲ್ಲ," ಎನ್ನುತ್ತಿದ್ದ ತಮ್ಮ. ಮೊದಮೊದಲು ಅವನೂ ಜೊತೆಗೆ ಕೂತು ಬೋಲ್ಟು ತೊಳೆಯುತ್ತಿದ್ದ. ಬರಬರುತ್ತಾ ಭಾನುವಾರಗಳಲ್ಲಿ ಗೆಳೆಯರ ಜೊತೆ ಹೋಗಿಬಿಡುತ್ತಿದ್ದ. ಸಂಜೆ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ನನಗೆ ಅದು ಬೇಸರ ತರಲಿಲ್ಲ. ಒಬ್ಬಳೇ ಕೆಲಸ ಮಾಡುವುದೇ ಇಷ್ಟವಾಗಿತ್ತು.

ಆ ಊರಿನ ಗಾಳಿ ಕಬ್ಬಿಣದ ಶತ್ರು. ಹೊಸದಾಗಿ ಕೊರೆದ ಸಿಲಿಂಡರನ್ನು ಒಂದು ದಿನ ಬರಿಮೈಯಲ್ಲಿ ಬಿಟ್ಟರೆ ಮಾರನೆಯ ದಿನ ಒಳಗೆ ಕೆಂಪು ಹೂವು ಬಿಟ್ಟಿರುತ್ತದೆ. ಹೊರಡುವ ಮುಂಚೆ ಪ್ರತಿ ಸಲ ನಾನು ಎಣ್ಣೆ ಸವರಿ, ಅಮ್ಮನ ಹಳೆಯ ಕಾಟನ್ ಸೀರೆಯ ತುಂಡು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ ಬರುತ್ತಿದ್ದೆ. ನಾಲ್ಕು ಪಿಸ್ಟನ್ನೂ ಒಂದೇ ತೂಕವಿರಬೇಕು. ನಮ್ಮ ಸಂಸ್ಥೆಯ ತಕ್ಕಡಿಯನ್ನು ಸ್ವಂತ ಕೆಲಸಕ್ಕೆ ಬಳಸುವ ಹಾಗಿಲ್ಲ. ಆಲುವದ ಪೇಟೆಯಲ್ಲಿ ಒಂದು ಚಿನ್ನದಂಗಡಿಗೆ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಅಯ್ಯೋ ಚೇಚ್ಚಿ, ಇದು ಸ್ವರ್ಣಮಲ್ಲಲ್ಲೋ," ಎಂದಳು. ಚಿನ್ನವಲ್ಲ, ಆದರೂ ತೂಗಿಕೊಡಿ ಎಂದೆ. ಅಂಗಡಿಯವರೆಲ್ಲ ಬಂದು ಸುತ್ತ ನಿಂತರು. ಭಾರವಿದ್ದ ಪಿಸ್ಟನ್ನಿನ ಒಳಮೈಯನ್ನು ಅರದಿಂದ ಉಜ್ಜಿ, ಮತ್ತೆ ಹೋಗಿ, ಮತ್ತೆ ತೂಗಿಸಿ, ಎಲ್ಲ ಒಂದೇ ಆದಾಗ ಆ ಹೆಂಗಸು ನನಗಿಂತ ಹೆಚ್ಚು ಖುಷಿಪಟ್ಟು ಚಪ್ಪಾಳೆ ತಟ್ಟಿದಳು. ನನ್ನ ಇಡೀ ಕೆಲಸದಲ್ಲಿ ಯಾರಾದರೂ ಕೈ ತಟ್ಟಿದ್ದು ಅಂದು ಒಂದೇ ಸಲ.

ಮನೆಯಲ್ಲಿ ಅಮ್ಮ ನನ್ನ ಬೆರಳುಗಳನ್ನು ನೋಡಿ ಮುಖ ಸಿಂಡರಿಸುತ್ತಿದ್ದಳು. "ಹೆಣ್ಣುಮಕ್ಕಳ ಕೈಯೇನೇ ಇದು? ಹಿಟ್ಟು ಮುಟ್ಟಬೇಡ, ನಾನೇ ಕಲಸ್ತೀನಿ." ಆಮೇಲೆ ತಾನೇ ಕೇಳುವಳು, "ಅವನಿಗೆ ಊಟ ಸರಿಯಾಗಿ ಸೇರ್ತಿದ್ಯಂತಾ?" ನನ್ನ ಚೀಲದಲ್ಲಿ ಪ್ರತಿ ವಾರ ಅವನಿಗೆ ಚಟ್ನಿಪುಡಿ, ಹುಳಿಪುಡಿ, ಕೊಬ್ಬರಿ ಮಿಠಾಯಿ ಇರುತ್ತಿದ್ದವು.

ಮಳೆ ಮುಗಿಯುವ ಹೊತ್ತಿಗೆ ಇಂಜಿನ್ ಕಾರಿನೊಳಗೆ ಕೂತಿತು. ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ತಮ್ಮ ಆಫೀಸಿಗೆ ರಜೆ ಹಾಕಿ ಬಂದ. ಕೀಲಿ ತಿರುಗಿಸಿದ್ದು ಅವನೇ. ನಾನು ಇಂಜಿನ್ನಿನ ಪಕ್ಕ ಬಗ್ಗಿ ಆಯಿಲ್ ಒತ್ತಡದ ಮುಳ್ಳನ್ನು ನೋಡುತ್ತಿದ್ದೆ. ಒಂದೆರಡು ಸಲ ಕೆಮ್ಮಿ, ಆಮೇಲೆ ಹಿಡಿದುಕೊಂಡಿತು. ಶಬ್ದ ಶುದ್ಧವಾಗಿತ್ತು. ಟಕಟಕ ಇಲ್ಲ, ಗೊರಗೊರ ಇಲ್ಲ. ತಮ್ಮ ಇಳಿದು ಬಂದು ಎಣ್ಣೆ ಕೈಯ ನನ್ನನ್ನು ತಬ್ಬಿಕೊಂಡು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಶೆಡ್ಡಿನ ಚೇಟ್ಟ ಎಲ್ಲರಿಗೂ ಚಹಾ, ಬಾಳೆಹಣ್ಣು ಕರಿದ ಪಳಂಪೊರಿ ತರಿಸಿದರು. ಅಂದಿನ ಖುಷಿ ಸುಳ್ಳಲ್ಲ. ಅವನದೂ ಸುಳ್ಳಲ್ಲ ಎಂದೇ ಈಗಲೂ ಅಂದುಕೊಳ್ಳುತ್ತೇನೆ.

ಹೊಸ ಇಂಜಿನನ್ನು ಕೆಲವು ವಾರ ಮೆಲ್ಲಗೆ ಓಡಿಸಿ ಹದಕ್ಕೆ ತರಬೇಕು. ಅದಕ್ಕೆ ತಮ್ಮನಿಗೆ ತಾಳ್ಮೆ ಇರಲಿಲ್ಲವಾದ್ದರಿಂದ ಹೆಚ್ಚಾಗಿ ನಾನೇ ಓಡಿಸಿದೆ. ಭಾನುವಾರ ಬೆಳಗ್ಗೆ ಚರ್ಚಿಗೆ ಹೋಗುವವರು ರಸ್ತೆಗೆ ಇಳಿಯುವ ಮುಂಚೆ ಆಲುವದಿಂದ ಅಂಗಮಾಲಿಯವರೆಗೆ ಹೆದ್ದಾರಿಯಲ್ಲಿ ಹೋಗಿ ಬರುತ್ತಿದ್ದೆ. ಮುಚ್ಚಿಗೆ ಬಿಚ್ಚಿರುತ್ತಿತ್ತು. ನನಗೆ ಆಗ ನಲವತ್ತನಾಲ್ಕು. ಕಾಲ ಕೆಳಗಿನ ಯಂತ್ರದ ಒಂದೊಂದು ಬೋಲ್ಟನ್ನೂ ಬಿಗಿದವಳು ನಾನೇ ಎಂದು ಗೊತ್ತಿದ್ದು ಓಡಿಸುವ ಸುಖವನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗಾಗಿ ಒಂದು ಹೆಲ್ಮೆಟ್ ಕೊಂಡೆ. ಅಮ್ಮನಿಗೆ ಹೇಳಲಿಲ್ಲ.

ಟ್ರ್ಯಾಕ್ ಇದ್ದದ್ದು ಕೊಯಮತ್ತೂರಿನ ಹೊರಗೆ. ನಾವು ಹೋದದ್ದು ಯಾರು ಬೇಕಾದರೂ ಹೆಸರು ಕೊಟ್ಟು ತಂತಮ್ಮ ಕಾರನ್ನು ಓಡಿಸಬಹುದಾದ ಒಂದು ದಿನ. ಬೆಳಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು. ಕಾರನ್ನು ಲಾರಿಯ ಮೇಲೆ ಹಿಂದಿನ ದಿನವೇ ಪಾಲಕ್ಕಾಡಿನ ದಾರಿಯಾಗಿ ಕಳಿಸಿ, ನಾವಿಬ್ಬರು ಮತ್ತು ಶೆಡ್ಡಿನ ಚೇಟ್ಟ ಅವರ ವ್ಯಾನಿನಲ್ಲಿ ಹೋದೆವು.

ಬೆಳಗಿನ ಸರದಿಯಲ್ಲಿ ತಮ್ಮ ಚೆನ್ನಾಗಿ ಓಡಿಸಿದ. ಚೆನ್ನಾಗಿ ಎಂದರೆ ನನಗೇ ಆಶ್ಚರ್ಯವಾಗುವಷ್ಟು. ಅವನಿಗಿಂತ ದೊಡ್ಡ ಕಾರುಗಳನ್ನು ತಿರುವುಗಳಲ್ಲಿ ಹಿಂದೆ ಹಾಕಿದ. ಬಂದು ನಿಂತಾಗ ಬಿಳಿ ಅಂಗಿ ತೊಟ್ಟ ಒಬ್ಬರು ನಮ್ಮ ಕಡೆ ನಡೆದು ಬಂದರು. ಕೊಚ್ಚಿಯವರೇ, ಸ್ವಂತ ರೇಸಿಂಗ್ ತಂಡ ಕಟ್ಟಿಕೊಂಡಿದ್ದ ಶ್ರೀಮಂತರು, ಹೊಸ ಚಾಲಕರನ್ನು ಹುಡುಕುತ್ತಿದ್ದಾರೆ ಎಂದು ಚೇಟ್ಟ ಪಿಸುಗುಟ್ಟಿದರು. ಅವರು ಬಾನೆಟ್ಟಿನ ಕೆಳಗೆ ಇಣುಕಿ, ಇಂಜಿನ್ ಯಾರು ಕಟ್ಟಿದ್ದು ಎಂದು ಮಲಯಾಳದಲ್ಲಿ ಕೇಳಿದರು.

"ಞಾನ್ ತನ್ನೆ," ಎಂದ ತಮ್ಮ. ನಾನೇ.

ನಾನು ಎರಡು ಮಾರು ದೂರದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವನು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಸುಮ್ಮನಿರು, ಆಮೇಲೆ ಹೇಳುತ್ತೇನೆ ಎನ್ನುವ ಹಾಗೆ. ನಾನು ಸುಮ್ಮನಿದ್ದೆ. ಅವನ ಮುಂದೆ ಒಂದು ಬಾಗಿಲು ತೆರೆಯುತ್ತಿರುವುದು ಕಾಣುತ್ತಿತ್ತು. ಅದರ ನಡುವೆ ನಿಂತು ನನ್ನ ಹೆಸರು ಬರೆಸಿಕೊಳ್ಳುವುದು ಸಣ್ಣತನ ಅನಿಸಿತು.

ಊಟವಾಯಿತು. ಮಧ್ಯಾಹ್ನದ ಸರದಿ ನನ್ನದು. ನಾನು ಟೈರು ನೋಡಿ, ಆಯಿಲ್ ನೋಡಿ, ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ತಮ್ಮ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಒಂದು ಮಾತು. ಅವರು ಇನ್ನೊಂದು ಸಲ ನೋಡ್ತೀನಿ ಅಂತಿದ್ದಾರೆ. ಈ ಸರದಿನೂ ನಾನೇ ಹೋಗ್ಲಾ?"

ನಾನು ಹೆಲ್ಮೆಟಿನ ಪಟ್ಟಿ ಸರಿಮಾಡಿದೆ.

"ಮುಂದಿನ ಸಲ ಎರಡೂ ನಿನ್ದೇ. ಸತ್ಯವಾಗಿ. ಇದು ನನ್ನ ಲೈಫ್ ಅಲ್ವಾ ಅಕ್ಕ."

"ಹೋಗು," ಎಂದೆ.

ಅವನು ನನ್ನ ಭುಜ ಒತ್ತಿ ಓಡಿದ. ನಾನು ಹೆಲ್ಮೆಟನ್ನು ವ್ಯಾನಿನಲ್ಲಿಟ್ಟು ಗೋಡೆಯ ಹತ್ತಿರ ಬಂದು ನಿಂತೆ. ನಾಲ್ಕೈದು ಸುತ್ತು ಬೆಳಗಿಗಿಂತ ಜೋರಾಗಿ ಬಂತು ಕಾರು. ಬಿಳಿ ಅಂಗಿಯವರು ಕೈಕಟ್ಟಿಕೊಂಡು ನೋಡುತ್ತಿದ್ದರು. ಮುಂದಿನ ಸುತ್ತಿನಲ್ಲಿ ಉದ್ದದ ನೇರ ದಾರಿಯ ಕೊನೆಗೆ ಬಂದಾಗ, ತಿರುವಿನ ಮುಂಚೆ ಗೇರು ಇಳಿಸುವ ಜಾಗದಲ್ಲಿ, ಇಂಜಿನ್ ಕಿರುಚಿತು. ಅಂಥ ಶಬ್ದವನ್ನು ಅದು ಯಾವತ್ತೂ ಮಾಡಿರಲಿಲ್ಲ, ಮಾಡಲು ನಾನು ಬಿಟ್ಟಿರಲಿಲ್ಲ. ಒಂದು ಕ್ಷಣ ಅಷ್ಟೇ. ಆಮೇಲೆ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತಾಗಿ ನಿಂತುಹೋಯಿತು. ಹಿಂದಿನ ಚಕ್ರಗಳು ಕಚ್ಚಿಕೊಂಡು ಕಾರು ಬುಗುರಿಯಂತೆ ತಿರುಗಿ, ಮಣ್ಣಿಗೆ ಇಳಿದು, ಟೈರು ಪೇರಿಸಿದ ಗೋಡೆಗೆ ಪಕ್ಕೆಯಿಂದ ಹೊಡೆಯಿತು.

ನಾನು ಓಡಿದೆ. ಅವನನ್ನು ಹೊರಗೆ ಎಳೆದು ಕೂರಿಸಿದ್ದರು. ಎಡ ಭುಜದ ಕೊರಳೆಲುಬು ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಅಷ್ಟರಲ್ಲಿ ಬಿಳಿ ಅಂಗಿಯವರೂ ಬಂದರು. ಏನಾಯಿತು ಎಂದು ಕೇಳಿದರು. "ಇಂಜಿನ್ ಲಾಕ್ ಆಯ್ತು," ಎಂದು ತಮ್ಮ ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದ. ಅವರು ನೀನೇ ಕಟ್ಟಿದ್ದಲ್ಲವೇ ಎಂಬಂತೆ ಹುಬ್ಬೇರಿಸಿದರು. ಆಗ ಅವನು ಗದ್ದದಿಂದ ನನ್ನ ಕಡೆ ತೋರಿಸಿ, "ಚೇಚ್ಚಿಯಾ ಪಣಿತತ್," ಎಂದ. ಅಕ್ಕ ಕಟ್ಟಿದ್ದು.

ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನೋಯುತ್ತಿರುವವನ ಹತ್ತಿರ ವಾದ ಮಾಡುವುದುಂಟೇ? ನಾನು ಅವನ ಬೂಟಿನ ದಾರ ಸಡಿಲ ಮಾಡುತ್ತಾ ಕೂತೆ. ಆದರೆ ನನ್ನ ಕಿವಿಗೆ ಗೊತ್ತಿತ್ತು. ಐದನೇ ಗೇರಿನಿಂದ ನಾಲ್ಕಕ್ಕೆ ಎಳೆಯುವ ಬದಲು ಕೈ ಎಡಕ್ಕೆ ಜಾರಿ ಎರಡಕ್ಕೆ ಬಿದ್ದಿದೆ. ಇಂಜಿನ್ ತಾನಾಗಿ ಅತಿವೇಗಕ್ಕೆ ಹೋಗದಂತೆ ಪೆಟ್ರೋಲು ಕಡಿಯುವ ಏರ್ಪಾಡು ಇರುತ್ತದೆ. ಆದರೆ ಅಷ್ಟು ವೇಗದಲ್ಲಿ ಎರಡನೇ ಗೇರು ಬಿದ್ದರೆ ಚಕ್ರಗಳೇ ಇಂಜಿನನ್ನು ಹಿಡಿದು ತಿರುಗಿಸುತ್ತವೆ. ಅದನ್ನು ತಡೆಯುವ ಯಾವ ಏರ್ಪಾಡೂ ಇಲ್ಲ. ವಾಲ್ವುಗಳು ಮುಚ್ಚಿಕೊಳ್ಳಲು ಸಮಯ ಸಿಗದೆ, ಮೇಲೆ ಬರುವ ಪಿಸ್ಟನ್ನಿಗೆ ತಲೆ ಕೊಡುತ್ತವೆ.

ಕೊಚ್ಚಿಯ ಆಸ್ಪತ್ರೆಯಲ್ಲಿ ಅವನಿಗೆ ಆಪರೇಷನ್ ಆಗಿ, ಅಮ್ಮ ಕಲೂರಿಗೆ ಬಂದು ನಿಂತ ಮೇಲೆ, ನಾನು ರಜೆ ಹಾಕಿ ಆಲುವಕ್ಕೆ ಹೋಗಿ ಇಂಜಿನ್ ಬಿಚ್ಚಿದೆ. ಚೇಟ್ಟ ಪಕ್ಕದಲ್ಲೇ ನಿಂತಿದ್ದರು. ಹೆಡ್ ಎತ್ತಿದಾಗ ಹದಿನಾರು ವಾಲ್ವುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಒಂದರ ತಲೆ ಮುರಿದು ಸಿಲಿಂಡರಿನೊಳಗೆ ಚೂರಾಗಿತ್ತು. ಪ್ರತಿ ಪಿಸ್ಟನ್ನಿನ ತಲೆಯ ಮೇಲೂ ವಾಲ್ವು ಬಡಿದ ಅರ್ಧಚಂದ್ರದ ಗುರುತು. ನಾನು ಕ್ಯಾಮನ್ನೂ ಕ್ರ್ಯಾಂಕನ್ನೂ ಜೊತೆಗೆ ತಿರುಗಿಸುವ ಟೈಮಿಂಗ್ ಬೆಲ್ಟನ್ನು ತೋರಿಸಿದೆ: ಒಂದು ಹಲ್ಲೂ ಹಾರಿಲ್ಲ, ಗುರುತುಗಳು ಎಲ್ಲಿರಬೇಕೋ ಅಲ್ಲೇ ಇವೆ. ಕೆಳಗೆ ಬೇರಿಂಗುಗಳನ್ನು ತೆಗೆದು ತೋರಿಸಿದೆ. ಹೊಸದರ ಹಾಗೆ ಹೊಳೆಯುತ್ತಿದ್ದವು. ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಇಂಜಿನ್ ತಾನಾಗಿ ಕಚ್ಚಿಕೊಂಡಿದ್ದರೆ ಅವು ಯಾವುವೂ ಹಾಗಿರುತ್ತಿರಲಿಲ್ಲ.

"ಚೇಟ್ಟ, ಇದೇನು ನೀವೇ ಹೇಳಿ."

ಅವರು ಬಾಗಿದ ಒಂದು ವಾಲ್ವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲಿಟ್ಟರು. ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ನನಗೆ ಕಾಣಿಸುತ್ತದೆ ಚೇಚ್ಚಿ," ಎಂದರು ಮಲಯಾಳದಲ್ಲಿ. "ಆದರೆ ಅಕ್ಕ ತಮ್ಮಂದಿರ ನಡುವೆ ನಾನು ಬರುವುದಿಲ್ಲ."

ನಡುವೆ ಅವರು ಆಗಲೇ ಬಂದಾಗಿತ್ತು. ಬಿಳಿ ಅಂಗಿಯವರ ತಂಡದ ಕಾರುಗಳ ಕೆಲಸ ಅವರ ಶೆಡ್ಡಿಗೆ ಬರುವ ಮಾತು ನಡೆದಿತ್ತು, ತಮ್ಮನ ಮೂಲಕ. ಒಡೆದ ಆ ಇಂಜಿನ್ ನಿಮ್ಮ ಶೆಡ್ಡಿನಲ್ಲಿ ಕಟ್ಟಿದ್ದೇ ಎಂದು ಯಾರಾದರೂ ಕೇಳಿದರೆ, ನಾವು ಜಾಗ ಕೊಟ್ಟದ್ದು ಮಾತ್ರ, ಕೈಹಾಕಿದ್ದೆಲ್ಲ ಅವರ ಚೇಚ್ಚಿಯೇ ಎಂದು ಅವರು ಹೇಳುತ್ತಿದ್ದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಹೀಗೆ ಅವರ ಶೆಡ್ಡೂ ಉಳಿಯಿತು, ಓಡಿಸುವವನೆಂಬ ತಮ್ಮನ ಹೆಸರೂ ಉಳಿಯಿತು.

ಬಾಗಿದ ವಾಲ್ವುಗಳಲ್ಲಿ ಒಂದನ್ನು ಕೈಚೀಲಕ್ಕೆ ಹಾಕಿಕೊಂಡು ಕಲೂರಿಗೆ ಹೋದೆ. ಅಮ್ಮ ತರಕಾರಿಗೆ ಹೋಗಿದ್ದಳು. ತಮ್ಮ ಕೈಯನ್ನು ಜೋಲಿಗೆ ಹಾಕಿಕೊಂಡು ಟಿವಿ ನೋಡುತ್ತಿದ್ದ. ವಾಲ್ವನ್ನು ಅವನ ಮುಂದಿನ ಟೀಪಾಯಿ ಮೇಲಿಟ್ಟೆ. ಅವನು ಅದನ್ನು ನೋಡಿದ, ಟಿವಿಯ ಶಬ್ದ ಕಡಿಮೆ ಮಾಡಿದ.

"ಎರಡಕ್ಕೆ ಹೋಯ್ತು," ಎಂದ. "ಗೊತ್ತು ನಂಗೆ. ಆವಾಗ್ಲೇ ಗೊತ್ತಾಯ್ತು."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ರೈಲಿನಲ್ಲಿ, ಮೆಟ್ರೋದಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬೇಕಿಲ್ಲದೆ ಹೋಯಿತು.

"ಮತ್ತೆ ಯಾಕೆ ಹಾಗೆ ಹೇಳಿದೆ?"

"ಆವಾಗ ಬಾಯಿಗೆ ಬಂತು, ಹೇಳ್ದೆ."

"ಸರಿ. ಈಗ ಹೋಗಿ ನಿಜ ಹೇಳು."

"ಯಾರಿಗೆ? ಅವರಿಗಾ? ಅಕ್ಕ, ಅವರು ನನ್ನನ್ನ ತಂಡಕ್ಕೆ ತಗೋತಾರೆ. ಕೈ ವಾಸಿಯಾದ ಮೇಲೆ ಬಾ ಅಂದಿದ್ದಾರೆ. ಈಗ ಹೋಗಿ, ಸಾರ್, ನಂಗೆ ಗೇರ್ ಹಾಕೋಕೆ ಬರಲ್ಲ ಅಂತ ಹೇಳ್ಲಾ?"

"ಹಾಗಾದ್ರೆ ನನ್ನ ಹೆಸರು?"

ಅವನು ನಿಜವಾಗಿ ಅರ್ಥವಾಗದವನ ಹಾಗೆ ನನ್ನನ್ನು ನೋಡಿದ. "ನಿಂಗೇನಾಗ್ತದೆ ಅಕ್ಕ? ನಿಂದು ಸರ್ಕಾರಿ ಕೆಲಸ. ನೀನೇನು ನಾಳೆಯಿಂದ ಇಂಜಿನ್ ಕಟ್ಟಿ ಬದುಕ್ಬೇಕಾ? ಅವರ್ಯಾರೂ ನಿನ್ನನ್ನ ಇನ್ನೊಂದ್ಸಲ ನೋಡೋದೂ ಇಲ್ಲ. ನಂಗೆ ಹೋದ್ರೆ ಎಲ್ಲ ಹೋಗ್ತದೆ, ನಿಂಗೆ ಹೋಗೋಕೆ ಏನಿದೆ?"

ನನಗೆ ಹೋಗಲು ಏನಿದೆ ಎಂದು ಅವನಿಗೆ ಪಟ್ಟಿ ಮಾಡಿ ಹೇಳಬೇಕಿತ್ತೇನೋ. ಹೇಳಬೇಕಾಗಿ ಬಂದಾಗ ಅದು ಹೋಗಿಯೇ ಆಗಿರುತ್ತದೆ.

"ಅಮ್ಮನಿಗಾದ್ರೂ ಹೇಳು," ಎಂದೆ.

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

ಅಮ್ಮ ಬಂದಳು. ವಾಲ್ವು ಟೀಪಾಯಿ ಮೇಲೆಯೇ ಇತ್ತು. "ಇದೇನೇ ಕೊಳಕು," ಎಂದು ಪೇಪರಿನಲ್ಲಿ ಹಿಡಿದು ಎತ್ತಿದಳು. ನಾನೇ ಹೇಳಿದೆ. ಗೇರು ತಪ್ಪಿದ್ದು, ವಾಲ್ವು ಬಡಿದದ್ದು, ಎಲ್ಲವನ್ನೂ ಅಡುಗೆಮನೆಯ ಮಾತಿನಲ್ಲಿ ಬಿಡಿಸಿ ಹೇಳಿದೆ. ಅಮ್ಮ ಮಗನ ಕಡೆ ನೋಡಿದಳು. ಅವನು ಟಿವಿಯನ್ನೇ ನೋಡುತ್ತಿದ್ದ.

"ಅವನು ಹಾಗೆ ಹೇಳ್ತಿಲ್ವಲ್ಲೇ," ಎಂದಳು ಅಮ್ಮ.

"ಕೇಳು ಅವನನ್ನೇ."

"ಕೈ ಮುರ್ಕೊಂಡು ಕೂತಿರೋ ಹುಡುಗನ್ನ ಏನಂತ ಕೇಳ್ಲಿ? ದೇವರು ದೊಡ್ಡವನು, ಜೀವ ಉಳೀತು. ಆಗಿದ್ದು ಆಗ್ಹೋಯ್ತು. ನೀನು ಬೇಕು ಅಂತ ಮಾಡಿದ್ಯಾ? ಯಾರೂ ಹಾಗನ್ನಲ್ಲ. ಆದ್ರೆ ಅದನ್ನ ತಗೊಂಡ್ಹೋಗಿ ಅವನ ತಲೆಗೆ ಕಟ್ಟಬೇಡ."

ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದೆ. ತಮ್ಮ ಹಿಂದೆ ಬರಲಿಲ್ಲ. ಕಲೂರಿನ ಬಸ್ ಸ್ಟ್ಯಾಂಡಿನಲ್ಲಿ ಜನರ ನಡುವೆ ನಿಂತು ಅತ್ತೆ. ಒಬ್ಬಳು ಮುದುಕಿ ಮಲಯಾಳದಲ್ಲಿ ಏನಾಯಿತು ಮೋಳೇ, ಮಗಳೇ, ಎಂದು ಕೇಳಿದಾಗ, ಕಣ್ಣಿಗೆ ಧೂಳು ಎಂದೆ.

ಅವನ ಕೈ ವಾಸಿಯಾಯಿತು, ತಂಡಕ್ಕೆ ಸೇರಿದ. ಅವನಿಗೆ ಕೊಟ್ಟ ಕಾರಿನ ಇಂಜಿನನ್ನು ಅವರದೇ ಜನ ಕಟ್ಟುತ್ತಾರೆ. ಮೂರನೆಯವನಾಗಿ ಬಂದ, ಎರಡನೆಯವನಾಗಿ ಬಂದ ಫೋಟೋಗಳು ಅಮ್ಮನ ಫೋನಿಗೆ ಬರುತ್ತವೆ. ಅವಳು ಅವನ್ನು ಮೈಸೂರಿನ ನೆಂಟರಿಗೆಲ್ಲ ಕಳಿಸುತ್ತಾಳೆ. ಚೆನ್ನಾಗಿಯೇ ಓಡಿಸುತ್ತಾನೆ, ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಆ ಎರಡು ಸೀಟಿನ ಕಾರನ್ನು, ಡಬ್ಬಗಳಲ್ಲಿ ತುಂಬಿದ್ದ ಇಂಜಿನ್ನಿನ ಸಮೇತ, ಅವನು ತ್ರಿಶೂರಿನ ಕಡೆಯ ಒಬ್ಬರಿಗೆ ಮಾರಿದ. ನನಗೆ ತಿಳಿಸಲಿಲ್ಲ. ಕೊಂಡವರು ಒಂದು ದಿನ ನನಗೆ ಫೋನ್ ಮಾಡಿದರು. ತುಂಬಾ ಮರ್ಯಾದೆಯಿಂದ, ಮೇಡಂ, ಜೋಡಣೆಯಲ್ಲಿ ಏನೋ ತಪ್ಪಾಗಿತ್ತು ಎಂದು ನಿಮ್ಮ ಬ್ರದರ್ ಹೇಳಿದರು, ನಾನು ಯಾವುದನ್ನು ಬದಲಾಯಿಸಬೇಕು ಎಂದು ಕೇಳಿದರು. ನಾನು ಹೇಳಿದೆ: ವಾಲ್ವು, ಪಿಸ್ಟನ್ನು ಹೊಸದು ಹಾಕಿ, ಕ್ರ್ಯಾಂಕು, ಬೇರಿಂಗು ಮುಟ್ಟಬೇಡಿ, ಅವು ಸರಿಯಾಗಿವೆ. "ಯಾವುದಕ್ಕೂ ಎಲ್ಲಾನೂ ಬದಲಾಯಿಸಿಬಿಡ್ತೀನಿ ಮೇಡಂ, ರಿಸ್ಕ್ ಬೇಡ," ಎಂದು ಇಟ್ಟರು.

ಹೋದ ವರ್ಷ ಮೈಸೂರಿನಲ್ಲಿ ಚಿಕ್ಕಪ್ಪನ ಮೊಮ್ಮಗನ ಉಪನಯನ. ಊಟದ ಪಂಕ್ತಿಯಲ್ಲಿ ನಾನು ಓಡಿಸಿಕೊಂಡು ಬಂದಿದ್ದ ಕಾರಿನಲ್ಲಿ ನೆಂಟರನ್ನು ಸ್ಟೇಷನ್ನಿಗೆ ಬಿಡುವ ಮಾತನ್ನು ಯಾರೋ ಎತ್ತಿದಾಗ, ದಾಯಾದಿಯೊಬ್ಬ, "ಬೇಡಪ್ಪ, ಅಕ್ಕ ಕಟ್ಟಿದ ಇಂಜಿನ್ನಾ ಏನು ಕೇಳ್ಕೊಳಿ ಮೊದ್ಲು," ಎಂದ. ಎಲೆಯ ಮುಂದೆ ಕೂತವರೆಲ್ಲ ನಕ್ಕರು. ಎದುರಿಗೆ ಕೂತಿದ್ದ ತಮ್ಮನೂ ನಕ್ಕ. ನನ್ನ ಕಣ್ಣು ಸಿಕ್ಕಿದಾಗ ನಗು ನಿಲ್ಲಿಸಿ ಹೋಳಿಗೆಗೆ ತುಪ್ಪ ಕೇಳಿದ. ಇಷ್ಟು ದಿನವಾದ ಮೇಲೆ ಅವನಿಗೇ ಅದು ನಿಜವೆಂದು ಅನಿಸಲು ಶುರುವಾಗಿದೆಯೋ ಏನೋ.

ನಾನು ಅವನ ಜೊತೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಬಂದರೆ ಬಡಿಸುತ್ತೇನೆ. ಶನಿವಾರಗಳಲ್ಲಿ ಈಗ ಏನೂ ಮಾಡುವುದಿಲ್ಲ. ಬಟ್ಟೆ ಒಗೆಯುತ್ತೇನೆ, ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಆಫೀಸಿನಲ್ಲಿ ನಾನು ಜೋಡಿಸಿದ ಪಂಪುಗಳು ತಿರುಗುತ್ತಿವೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಮೊನ್ನೆ ಬೆಳಗ್ಗೆ ಅಮ್ಮ ಚಟ್ನಿಗೆ ಹಾಕಿದಾಗ ಮಿಕ್ಸಿ ಕರಕರ ಎಂದಿತು. ನಾನು ಅಡುಗೆಮನೆಗೆ ಹೋಗಿ ಕೇಳಿಸಿಕೊಂಡೆ.

"ಜಾರಿನ ಬುಷ್ ಸವೆದಿದೆ. ಇಡು, ಸಂಜೆ ಬಂದು ಬಿಚ್ಚಿ ಹಾಕ್ತೀನಿ."

"ನೀನು ಬೇಡ ಬಿಡೇ," ಎಂದಳು ಅಮ್ಮ. ಚುಚ್ಚಬೇಕೆಂದು ಹೇಳಲಿಲ್ಲ, ತೆಂಗಿನಕಾಯಿ ತುರಿಯುತ್ತಲೇ ಹೇಳಿದಳು. "ಕರೆಂಟಿನ ವಸ್ತು. ಅಂಗಡಿಯವನಿಗೇ ಕೊಡು, ಅವನಿಗಾದ್ರೆ ತಿಳಿಯತ್ತೆ."

ನಾನು ಜಾರನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹೋಗಿ ಅಂಗಡಿಯಲ್ಲಿ ಕೊಟ್ಟೆ. ಆಫೀಸಿನಿಂದ ಬರುವಾಗ ತೆಗೆದುಕೊಂಡು ಬಂದೆ.

"ಏನಾಗಿತ್ತಂತೆ?" ಎಂದಳು ಅಮ್ಮ.

"ಬುಷ್ ಸವೆದಿತ್ತಂತೆ."

"ನೋಡಿದ್ಯಾ," ಎಂದಳು, "ಅವನು ತಟ್ಟಂತ ಕಂಡ್ಹಿಡಿದ."